ತಾಯಿಯ ಲೆಕ್ಕವೂ ವಿಮಾನದ ಲೆಕ್ಕವೂ

ಶಹಾಪುರದ ಸಮೀಪದ ಶಿರವಾಳದಲ್ಲಿ ತಾಯಿಯೊಬ್ಬಳು ಮಗನ ಹಾದಿಯನ್ನು ಕಾಯುತ್ತಿರುವಳೆಂದು ಭಾವಿಸೋಣ. ಚಳಿಗಾಲದ ಶನಿವಾರ ರಾತ್ರಿ 8-30ಕ್ಕೆ ಅಮೆರಿಕದ ಸಾನ್‌ಫ್ರಾನ್ಸಿಸ್ಕೊವನ್ನು ಬಿಟ್ಟ ವಿಮಾನವು ಸೋಮವಾರ ನಸುಕಿನ 3-45ಕ್ಕೆ ಬೆಂಗಳೂರನ್ನು ಸೇರುವುದೆಂದು ಚೀಟಿಯಲ್ಲಿದೆ. ಬೆರಳು ಮಡಿಚಿ ಎಣಿಸಿದರೆ ಮೂವತ್ತೊಂದು ಗಂಟೆಗೂ ಮಿಕ್ಕಿತು! ಅಷ್ಟು ಹೊತ್ತು ಮಗನು ಅಂತರಿಕ್ಷದಲ್ಲಿಯೇ ಇರಬೇಕೆ ಎಂದು ಆಕೆಗೆ ದಿಗಿಲು.

ಇಲ್ಲಿ ತಪ್ಪಿರುವುದು ತಾಯಿಯ ಎಣಿಕೆಯಲ್ಲ, ಗಡಿಯಾರಗಳು ಎರಡು. ಚಳಿಗಾಲದಲ್ಲಿ ನಮ್ಮ ಗಡಿಯಾರವು ಅಲ್ಲಿಯದಕ್ಕಿಂತ ಹದಿಮೂರೂವರೆ ಗಂಟೆ ಮುಂದಿರುತ್ತದೆ. ಅದನ್ನು ಕಳೆದರೆ ನಿಜವಾದ ಪ್ರಯಾಣವು ಹದಿನೇಳೂ ಮುಕ್ಕಾಲು ಗಂಟೆ ಮಾತ್ರ. ಬೇಸಗೆಯಲ್ಲಿ ಅಲ್ಲಿಯವರು ಗಡಿಯಾರವನ್ನು ಒಂದು ಗಂಟೆ ಮುಂದಿಡುವುದರಿಂದ ಹನ್ನೆರಡೂವರೆಯನ್ನೇ ಕಳೆಯತಕ್ಕದ್ದು.

ದಾರಿಯ ವಿಷಯವೂ ಹೀಗೆಯೇ. ಗೋಡೆಯ ಭೂಪಟವನ್ನು ನಂಬದೆ, ಮಕ್ಕಳ ಭೂಗೋಲದ ಮೇಲೆ ಈ ಎರಡು ಊರುಗಳ ನಡುವೆ ದಾರವನ್ನು ಬಿಗಿಯಾಗಿ ಎಳೆದು ನೋಡಿರಿ. ಅದು ಉತ್ತರ ಧ್ರುವದ ಕಡೆಗೆ ಸರಿಯುವುದು. ಆ ದಾರದ ಅಳತೆ ಸುಮಾರು 14,000 ಕಿಲೋಮೀಟರು. 2021ರ ಜನವರಿ 9ರಂದು ಹೊರಟ ಏರ್ ಇಂಡಿಯಾದ ವಿಮಾನವು ಈ ಊರುಗಳ ನಡುವೆ ಮೊದಲ ಬಾರಿಗೆ ಎಲ್ಲಿಯೂ ನಿಲ್ಲದೆ, ಧ್ರುವವನ್ನು ದಾಟಿ 11ರ ನಸುಕಿನಲ್ಲಿ ಬೆಂಗಳೂರಿಗೆ ಇಳಿಯಿತು. ಅದನ್ನು ನಡೆಸಿದವರು ಜೋಯಾ ಅಗರವಾಲರ ನಾಯಕತ್ವದ ಮಹಿಳೆಯರೇ ಎಂಬುದು ನಮ್ಮ ಭಗಿನಿಯರಿಗೆ ಅಭಿಮಾನದ ಸಂಗತಿ.

ಊರುಗಳ ದೂರವು ಬದಲಾಗದು. ಹೊತ್ತು ಮಾತ್ರ ಗಾಳಿಯನ್ನೂ ಹಿಡಿದ ದಾರಿಯನ್ನೂ ಅನುಸರಿಸಿ ಹೆಚ್ಚು ಕಡಿಮೆಯಾಗುವುದು. ಆದುದರಿಂದ ಪರದೇಶದಿಂದ ಬರುವ ಮಕ್ಕಳು ಹೊರಡುವ ವೇಳೆ, ಮುಟ್ಟುವ ವೇಳೆಗಳೊಡನೆ ನಡುವಿನ ಗಂಟೆಗಳನ್ನೂ ಬರೆದು ಕಳುಹಲಿ. ಬೆಂಗಳೂರಿನಿಂದ ಶಿರವಾಳಕ್ಕೆ ಮತ್ತೂ ಒಂದು ರಾತ್ರಿಯ ಹಾದಿಯುಂಟೆಂಬುದನ್ನು ಮರೆಯದಿರಲಿ. ತಾಯಿಯ ಲೆಕ್ಕವು ಮುಗಿಯುವುದು ವಿಮಾನ ನಿಲ್ದಾಣದಲ್ಲಲ್ಲ, ಮನೆಯ ಹೊಸ್ತಿಲಲ್ಲಿ.