ಬೆನ್ನ ಮೇಲಿನ ಹಿಂಬರಹ

ಅಜ್ಜಿ ಮೊಮ್ಮಗನ ಅಂಗಿ ಮೇಲೆತ್ತಿ ಹಿಡಿದಿದ್ದಳು. ಬೆನ್ನ ಮೇಲೆ ಮೂರು ಬಾಸುಂಡೆ. ಹಿಂದಿನ ರಾತ್ರಿ ಮೆತ್ತಿದ ಅರಿಶಿನ ಒಣಗಿ ಅಂಟಿಕೊಂಡಿತ್ತು. ಗುಂಡ್ಲುಪೇಟೆ ಸೀಮೆಯ ಹೆಂಗಸು. ಗಾಯ ಕಂಡರೆ ಕೈ ಮೊದಲು ಹೋಗುವುದು ಅರಿಶಿನದ ಡಬ್ಬಿಗೆ. ಅಂದಿನ ಚೆಂಡುಹೂವು ಬಿಡಿಸುವ ಕೂಲಿ ಬಿಟ್ಟು ಬಂದಿದ್ದಳು.

"ಮೊಗೀನ ಬೆನ್ನ ನೋಡಿ ಸಾ."

ಮೇಜಿನ ಆಚೆಯವರು ನೋಡಿದ್ದು ಅರ್ಜಿಯನ್ನು. "ಗಂಡ ಹೆಂಡ್ತಿ ಕೇಸು ಕೋರ್ಟಲ್ಲಿದೆ ಅಂತ ನೀವೇ ಬರ್ಸಿದ್ದೀರಲ್ಲಜ್ಜಿ. ನಾವು ಕೈ ಹಾಕಂಗಿಲ್ಲ. ಏನಿದ್ರೂ ವಕೀಲರ ಕೈಲಿ ಹೇಳ್ಸಿ."

ಅರ್ಜಿ ಬರೆದುಕೊಟ್ಟವನು ನಾನು. ಏನನ್ನೂ ಮುಚ್ಚಿಡಬಾರದೆಂದು ಆ ಒಂದು ಸಾಲು ಸೇರಿಸಿದ್ದೆ. ಅದೇ ಸಾಲು ಬಾಗಿಲಿಗೆ ಅಗುಳಿಯಾಯಿತು. ಸ್ವಲ್ಪ ಹೊತ್ತಿಗೆ ಹಿಂಬರಹವೂ ಬಂತು: ವಿಷಯವು ನ್ಯಾಯಾಲಯದಲ್ಲಿ ಬಾಕಿ ಇರುವುದರಿಂದ ಅರ್ಜಿಯನ್ನು ಮುಕ್ತಾಯಗೊಳಿಸಲಾಗಿದೆ. ಯಾವ ಕಚೇರಿ, ಯಾವ ಊರು ಎಂದು ಬರೆಯುವುದಿಲ್ಲ. ಬರೆದರೆ ಹುಡುಗನ ಗುರುತು ಹತ್ತುತ್ತದೆ.

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತೇವೆ. ಜಗಳವಾಡಿದವರನ್ನು ನಾಚಿಸಲೆಂದು ಹುಟ್ಟಿದ ಗಾದೆ ಅದು. ಈಗ ಕಚೇರಿಗಳು ಅದನ್ನೇ ಕಡತ ಮುಚ್ಚುವ ಮೊಹರು ಮಾಡಿಕೊಂಡಿವೆ.

ಕಾನೂನಿನಲ್ಲಿ ಗಡಿ ಇಲ್ಲವೆಂದು ನಾನು ಹೇಳುತ್ತಿಲ್ಲ. ಮಗು ಅಪ್ಪನ ಬಳಿ ಇರಬೇಕೋ ಅಮ್ಮನ ಬಳಿಯೋ ಎನ್ನುವುದನ್ನು ತೀರ್ಮಾನಿಸುವುದು ಕುಟುಂಬ ನ್ಯಾಯಾಲಯ, ಇಲ್ಲವೇ ಆ ಕೆಲಸ ಮಾಡುವ ಸಿವಿಲ್ ಕೋರ್ಟು. ಅದರಲ್ಲಿ ಮಕ್ಕಳ ಕಲ್ಯಾಣ ಸಮಿತಿ ಮೂಗು ತೂರಿಸಬಾರದು, ಸರಿ. ಆದರೆ ಮಗುವಿಗೆ ಯಾರೋ ಬಾರಿಸಿದ್ದಾರೆಯೇ ಎನ್ನುವುದು ಬೇರೆಯೇ ಪ್ರಶ್ನೆ. 2015ರ ಬಾಲನ್ಯಾಯ ಕಾಯ್ದೆ ತೆಗೆದು ನೋಡಿ. ಜೊತೆಗಿರುವವರು, ಅವರು ಪೋಷಕರಾಗಿರಲಿ ಇಲ್ಲದಿರಲಿ, ಗಾಯಗೊಳಿಸಿದರೆ ಆ ಮಗು ರಕ್ಷಣೆ ಬೇಕಾದ ಮಗು. ಕೋರ್ಟಿನಲ್ಲಿ ಅಪ್ಪ ಅಮ್ಮನ ಕೇಸಿದ್ದರೆ ಈ ಮಾತು ಅನ್ವಯಿಸುವುದಿಲ್ಲ ಎಂಬ ಸಾಲು ಅಲ್ಲಿಲ್ಲ. ಕಚೇರಿಯವರೇ, ಆ ಸಾಲನ್ನು ಸೇರಿಸಿಕೊಂಡವರು ನೀವು.

ಅದೇ ಕಾಯ್ದೆಯ 36ನೇ ಸೆಕ್ಷನ್ನು ಸಾಮಾಜಿಕ ತನಿಖೆಗೆ ಕೊಡುವ ಗಡುವು 15 ದಿನ. ಆ ಅವಸರ ಇಲ್ಲಿ ಎಷ್ಟು ಮುಖ್ಯ ಗೊತ್ತೇ? ಬಾಸುಂಡೆಗೆ ಇರುವುದೇ ಸಾಮಾನ್ಯವಾಗಿ ಎರಡು ವಾರದ ಆಯುಸ್ಸು. ಕೆಂಪಗಿದ್ದದ್ದು ನೀಲಿಯಾಗಿ, ಹಸಿರಾಗಿ, ಕೊನೆಗೆ ಅರಿಶಿನದ ಬಣ್ಣಕ್ಕೆ ತಿರುಗಿ ಚರ್ಮದಲ್ಲಿ ಕರಗುತ್ತದೆ. ಆ ಅಪ್ಪ ಅಮ್ಮನ ಮುಂದಿನ ವಾಯಿದೆ ಎರಡು ತಿಂಗಳ ಆಚೆ ಇತ್ತು. ಕೋರ್ಟಿಗೆ ಹೋಗಿ ಎಂದವರಿಗೆ ಈ ಲೆಕ್ಕ ಬಾರದೇ? ಸಾಕ್ಷಿಯನ್ನು ಸುಟ್ಟುಹಾಕಲು ಬೆಂಕಿ ಬೇಕಿಲ್ಲ. ನೋಡದೆ ಕಳಿಸಿದರೆ ಸಾಕು.

ಗಡಿ ಕಾಯುವುದು ಹೇಗೆಂದು ನಮ್ಮ ಬಂಡೀಪುರದ ರಸ್ತೆಯನ್ನೇ ನೋಡಿ. ಆನೆ, ಜಿಂಕೆ ವಾಹನಕ್ಕೆ ಸಿಕ್ಕಿ ಸಾಯಬಾರದೆಂದು 2009ರಿಂದ ರಾತ್ರಿ 9ಕ್ಕೆ ಗೇಟು ಬೀಳುತ್ತದೆ, ಬೆಳಿಗ್ಗೆ 6ರವರೆಗೆ. ಕಟ್ಟುನಿಟ್ಟಾದ ಗಡಿಯೇ ಅದು. ಆದರೂ ಆಂಬುಲೆನ್ಸ್ ಬಂದರೆ ಗೇಟು ತೆರೆಯುತ್ತದೆ. ಗಡಿ ಕಾಯುವವನಿಗೆ ಆಂಬುಲೆನ್ಸ್ ಯಾವುದು, ಲಾರಿ ಯಾವುದು ಎಂದು ಗೊತ್ತಿರಬೇಕು, ಅಷ್ಟೇ. ಕಾಡಿನ ಗೇಟಿನಲ್ಲಿರುವ ವಿವೇಕ ಕಚೇರಿಯ ಮೇಜಿಗೇಕೆ ಇಲ್ಲ?

"ಇಂಥ ಕೇಸಲ್ಲಿ ಸುಳ್ಳು ದೂರೇ ಜಾಸ್ತಿ ಸಾರ್, ಮಗೂನ ಕಿತ್ಕೊಳ್ಳೋಕೆ ಆಡೋ ಆಟ" ಎಂದು ಆಮೇಲೆ ಕಾರಿಡಾರಿನಲ್ಲಿ ಒಬ್ಬರು ನನ್ನ ಕಿವಿಯಲ್ಲಿ ಹೇಳಿದರು. ಇರಬಹುದು. ಸುಳ್ಳು ದೂರು ಕೊಡುವ ಅಪ್ಪಂದಿರೂ ಇದ್ದಾರೆ, ಅಮ್ಮಂದಿರೂ ಇದ್ದಾರೆ. ಆದರೆ ಸುಳ್ಳೆಂದು ಗೊತ್ತಾಗುವುದಾದರೂ ಹೇಗೆ, ವಿಚಾರಿಸದೆ? 2012ರಲ್ಲಿ ಬೆಂಗಳೂರಿನ ಫ್ರೆಂಚ್ ಕಾನ್ಸುಲೇಟಿನ ಅಧಿಕಾರಿಯೊಬ್ಬರ ಮೇಲೆ ಸ್ವಂತ ಮಗುವಿನ ಮೇಲೆ ದೌರ್ಜನ್ಯ ಎಸಗಿದ ಆರೋಪ ಬಂತು. 2017ರಲ್ಲಿ ಕೋರ್ಟು ಖುಲಾಸೆ ಮಾಡಿತು. ನಡುವಿನ ಐದು ವರ್ಷ ಆ ಮಗುವಿನ ಬಾಲ್ಯ. ತಡವಾದ ವಿಚಾರಣೆ ನಿರಪರಾಧಿಯನ್ನೂ ಸುಡುತ್ತದೆ, ಮಗುವನ್ನೂ ಸುಡುತ್ತದೆ. ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳಿಗಿರುವ ಪೋಕ್ಸೋ ಕಾಯ್ದೆ ಬೇಕೆಂದೇ ಸುಳ್ಳು ದೂರು ಕೊಟ್ಟ ದೊಡ್ಡವರಿಗೂ ಶಿಕ್ಷೆ ಇಟ್ಟಿದೆ, ಬಂದ ದೂರನ್ನು ದಾಖಲಿಸದವರಿಗೂ 6 ತಿಂಗಳವರೆಗೆ ಜೈಲು ಇಟ್ಟಿದೆ. ನೀವು ಮೊದಲನೆಯದನ್ನು ಮಾತ್ರ ಬಾಯಿಪಾಠ ಮಾಡಿಕೊಂಡಿದ್ದೀರಿ.

ಕೋರ್ಟನ್ನೂ ಕೇಳಬೇಕು. 1984ರ ಕುಟುಂಬ ನ್ಯಾಯಾಲಯಗಳ ಕಾಯ್ದೆಯ 12ನೇ ಸೆಕ್ಷನ್ನು ವೈದ್ಯರ, ಕಲ್ಯಾಣ ತಜ್ಞರ ನೆರವು ಪಡೆಯಲು ದಾರಿ ಕೊಟ್ಟಿದೆ. ಮಕ್ಕಳು ಹೆತ್ತವರ ಸೊತ್ತಲ್ಲ ಎಂದು ಸುಪ್ರೀಂ ಕೋರ್ಟು 1973ರಲ್ಲೇ ರೋಸಿ ಜೇಕಬ್ ಪ್ರಕರಣದಲ್ಲಿ ಹೇಳಿಯಾಗಿದೆ. ಆದರೂ ಜೀವನಾಂಶದ ರೂಪಾಯಿಗೆ ನಡೆಯುವ ವಾದದ ಅರ್ಧವಾದರೂ ಮಗುವಿನ ಮೈಮೇಲಿನ ಗಾಯಕ್ಕೆ ನಡೆಯಬೇಡವೇ? ಕಚೇರಿ ಕೋರ್ಟಿನ ಕಡೆ ಕೈ ತೋರಿಸುತ್ತದೆ, ಕೋರ್ಟು ಮುಂದಿನ ತಾರೀಖಿನ ಕಡೆ. ನಡುವೆ ಊರಿನ ದಾರಿಯ ಬಸ್ಸಿನಲ್ಲಿ ಕಿಟಕಿಗೂ ಒರಗಲಾಗದೆ, ಸೀಟಿಗೂ ಒರಗಲಾಗದೆ, ಮುಂದಕ್ಕೆ ಬಾಗಿ ಕೂತ ಹುಡುಗ.

ಯಾರು ಹೊಡೆದರು? ಅಪ್ಪನೋ, ಅಮ್ಮನೋ, ಮನೆಗೆ ಹೊಸದಾಗಿ ಬಂದವರೋ, ನನಗೆ ಗೊತ್ತಿಲ್ಲ. ಗೊತ್ತುಮಾಡುವುದು ನನ್ನ ಕೆಲಸವಲ್ಲ. ಸಂಬಳ ಪಡೆದು ಆ ಕುರ್ಚಿಯಲ್ಲಿ ಕೂತವರದ್ದು. ಕೇಳುತ್ತಿರುವುದು ಮೂರೇ. ದೂರು ತೆಗೆದುಕೊಂಡು ಸ್ವೀಕೃತಿ ಕೊಡಿ. ಅದೇ ದಿನ ಮಗುವನ್ನು ವೈದ್ಯರಿಗೆ ತೋರಿಸಿ. ವರದಿಯನ್ನು ಆ ಕೋರ್ಟಿಗೇ ಕಳಿಸಿ. ಮಗು ಯಾರ ಪಾಲಿಗೆ ಎಂದು ನ್ಯಾಯಾಧೀಶರು ಬರೆಯಲಿ, ನಿಮ್ಮನ್ನು ಯಾರೂ ಕೇಳಿಲ್ಲ.

ಅಜ್ಜಿ ಹಿಂಬರಹವನ್ನು ನಾಲ್ಕು ಮಡಿಕೆ ಮಡಿಸಿ ಎಲೆಯಡಿಕೆ ಚೀಲದಲ್ಲಿ ಇಟ್ಟುಕೊಂಡಳು. ಎಸೆಯಬೇಡವ್ವ ಎಂದು ನಾನೇ ಹೇಳಿದೆ. ಹುಡುಗನ ಬೆನ್ನು ಈಗ ನುಣುಪಾಗಿದೆ. ಮುಂದಿನ ವಾಯಿದೆಗೆ ಅದು ಸಾಕ್ಷಿ ಹೇಳುವುದಿಲ್ಲ. ಆದರೆ ಆ ಕಾಗದ ಹೇಳುತ್ತದೆ: ಇಂಥ ದಿನ ಒಂದು ಮಗು ನಿಮ್ಮ ಮುಂದೆ ಬಂದು ನಿಂತಿತ್ತು ಎಂದು. ಅದರಲ್ಲಿ ತಾರೀಖಿದೆ, ಮೊಹರಿದೆ, ನಿಮ್ಮದೇ ಸಹಿಯಿದೆ.