ಕೊಸರು ಮರೆಯದ ಪಂದ್ಯಾವಳಿ: ಆಗಸ್ಟಾದಿಂದ ವರ್ತಕರಿಗೊಂದು ಪಾಠ

ಕೊಳ್ಳುವವನಿಗೆ ಬೇರೆ ಅಂಗಡಿಯೇ ಇಲ್ಲದಿರುವಾಗ ಮಾರುವವನು ಸರಕಿಗೆ ಎಷ್ಟು ಬೆಲೆ ಹೇಳಬೇಕು? ಗಿರಾಕಿ ತಾಳುವಷ್ಟು ಎಂಬುದು ರೂಢಿಯಲ್ಲಿರುವ ಉತ್ತರ. ವಿಮಾನ ನಿಲ್ದಾಣದ ಕಾಫಿ, ಮಲ್ಟಿಪ್ಲೆಕ್ಸಿನ ಪಾಪ್‌ಕಾರ್ನ್, ಕ್ರೀಡಾಂಗಣದ ನೀರಿನ ಬಾಟಲಿ ಎಲ್ಲವೂ ಸಾಮಾನ್ಯವಾಗಿ ಈ ಸೂತ್ರದಂತೆಯೇ ಮಾರಾಟವಾಗುತ್ತವೆ. ಅಮೆರಿಕದ ಜಾರ್ಜಿಯಾ ರಾಜ್ಯದ ಆಗಸ್ಟಾ ನಗರದಲ್ಲಿ ಏಪ್ರಿಲ್ ತಿಂಗಳಲ್ಲಿ ನಡೆಯುವ ಮಾಸ್ಟರ್ಸ್ ಗಾಲ್ಫ್ ಪಂದ್ಯಾವಳಿ ಈ ಸೂತ್ರದಿಂದ ದೂರ ನಿಂತಿದೆ. 2025ರಲ್ಲಿ ವಿಜೇತ ರೋರಿ ಮೆಕಿಲ್ರಾಯ್ ಅವರಿಗೆ 42 ಲಕ್ಷ ಡಾಲರ್ ಬಹುಮಾನ ನೀಡಿದ ಈ ಪಂದ್ಯಾವಳಿಯ ಆವರಣದಲ್ಲಿ ಅದೇ ವಾರ ಪಿಮೆಂಟೋ ಚೀಸ್ ಸ್ಯಾಂಡ್‌ವಿಚ್ ಒಂದೂವರೆ ಡಾಲರಿಗೆ ಮಾರಾಟವಾಯಿತು.

ಗಾಲ್ಫ್ ಸಿರಿವಂತರ ಆಟ. ಈ ಪಂದ್ಯಾವಳಿಯನ್ನು ನಡೆಸುವ ಆಗಸ್ಟಾ ನ್ಯಾಷನಲ್ ಸಿರಿವಂತರ ಕ್ಲಬ್ಬು. ಆದಾಗ್ಯೂ ಅದರ ಸಂಪ್ರದಾಯಗಳ ಚರಿತ್ರೆಯನ್ನು ಸಣ್ಣ ವರ್ತಕರೂ ಉದ್ದಿಮೆದಾರರೂ ಒಂದು ಲೆಕ್ಕಪುಸ್ತಕದಂತೆ ಓದಬಹುದು. ಗಿರಾಕಿಯ ಅನುಕೂಲಕ್ಕಾಗಿ ಹುಟ್ಟಿದ ಪದ್ಧತಿಗಳು ಕಾಲಕ್ರಮದಲ್ಲಿ ಸಂಸ್ಥೆಯ ಬಂಡವಾಳವಾದುದನ್ನೂ, ಒಡೆಯರ ಅನುಕೂಲಕ್ಕಾಗಿ ಉಳಿಸಿಕೊಂಡ ಪದ್ಧತಿಗಳು ಬಡ್ಡಿ ಸಮೇತ ತೀರಿಸಬೇಕಾದ ಸಾಲವಾದುದನ್ನೂ ಆ ಪುಸ್ತಕದಲ್ಲಿ ಕಾಣಬಹುದು.

ಹಣದ ಮುಗ್ಗಟ್ಟಿನಲ್ಲಿ ಹುಟ್ಟಿದ ಕ್ಲಬ್ಬು

1930ರಲ್ಲಿ ಒಂದೇ ವರ್ಷ ನಾಲ್ಕು ಪ್ರಮುಖ ಪ್ರಶಸ್ತಿಗಳನ್ನು ಗೆದ್ದು, 28ನೆಯ ವಯಸ್ಸಿನಲ್ಲಿಯೇ ಸ್ಪರ್ಧೆಯಿಂದ ನಿವೃತ್ತರಾದ ಹವ್ಯಾಸಿ ಆಟಗಾರ ಬಾಬಿ ಜೋನ್ಸ್ ಅವರು ನ್ಯೂಯಾರ್ಕಿನ ಹೂಡಿಕೆದಾರ ಕ್ಲಿಫರ್ಡ್ ರಾಬರ್ಟ್ಸ್ ಅವರೊಡನೆ ಸೇರಿ ಈ ಕ್ಲಬ್ಬನ್ನು ಸ್ಥಾಪಿಸಿದರು. ಅವರು ಆಯ್ದ 365 ಎಕರೆ ಭೂಮಿ ಹಿಂದೆ ಫ್ರೂಟ್‌ಲ್ಯಾಂಡ್ ಎಂಬ ಹೆಸರಾಂತ ಸಸಿತೋಟವಾಗಿತ್ತು. ಬೆಲ್ಜಿಯಂನಿಂದ ಬಂದು ನೆಲೆಸಿದ ಬರ್ಕ್‌ಮನ್ಸ್ ಮನೆತನ ಅದನ್ನು ನಡೆಸುತ್ತಿತ್ತು. ಆ ವ್ಯಾಪಾರ ನಿಂತುಹೋಗಿದ್ದರೂ ಅದರ ಸರಕು ಉಳಿದಿತ್ತು. ಮುಖ್ಯದ್ವಾರದಿಂದ ಕ್ಲಬ್ಬಿನ ಮನೆಯವರೆಗೆ ಸುಮಾರು 330 ಗಜ ಉದ್ದಕ್ಕೆ ಕಮಾನು ಕಟ್ಟಿರುವ ಮ್ಯಾಗ್ನೋಲಿಯಾ ಮರಗಳು 1850ರ ದಶಕದಲ್ಲಿ ಬೀಜದಿಂದ ಬೆಳೆಸಿದವು. ಕ್ಲಬ್ಬಿನ ಮನೆಯೂ 1854ರ ತೋಟದ ಮನೆಯೇ. ಮೈದಾನದ 18 ಕುಳಿಗಳಿಗೂ ಒಂದೊಂದು ಗಿಡದ ಅಥವಾ ಮರದ ಹೆಸರಿಟ್ಟು ಹಳೆಯ ಸಸಿತೋಟದ ನೆನಪನ್ನು ಉಳಿಸಿಕೊಳ್ಳಲಾಗಿದೆ. ಹಿಂದಿನವರ ದಾಸ್ತಾನನ್ನು ಕಡಿದು ಹಾಕದೆ ಅದನ್ನೇ ತನ್ನ ಗುರುತಾಗಿ ಮಾಡಿಕೊಂಡುದು ಈ ಸಂಸ್ಥೆಯ ಮೊದಲ ಜಾಣತನ.

ಅದು ಮಹಾ ಆರ್ಥಿಕ ಕುಸಿತದ ಕಾಲ. ನಿರೀಕ್ಷಿಸಿದಷ್ಟು ಸದಸ್ಯರು ದೊರೆಯಲಿಲ್ಲ. ಜೋನ್ಸ್ ಅವರೊಡನೆ ಮೈದಾನವನ್ನು ರೂಪಿಸಿದ ಬ್ರಿಟನ್ನಿನ ವಿನ್ಯಾಸಕಾರ ಅಲಿಸ್ಟರ್ ಮೆಕೆಂಜಿ ಅವರಿಗೆ ಸಲ್ಲಬೇಕಾದ ಸಂಭಾವನೆಯೂ ಪೂರ್ತಿಯಾಗಿ ಸಲ್ಲಲಿಲ್ಲ. ಮೊದಲ ಪಂದ್ಯಾವಳಿಯನ್ನು ಕಣ್ಣಾರೆ ಕಾಣದೆ ಅವರು 1934ರ ಜನವರಿಯಲ್ಲಿ ತೀರಿಕೊಂಡರು. ಎರಡು ತಿಂಗಳ ನಂತರ ನಡೆದ ಆ ಪಂದ್ಯಾವಳಿಯಲ್ಲಿ ಗೆದ್ದ ಹಾರ್ಟನ್ ಸ್ಮಿತ್ ಅವರಿಗೆ ದೊರೆತ ಬಹುಮಾನ 1,500 ಡಾಲರ್. ಇಂದಿನ ವೈಭವವನ್ನಷ್ಟೇ ಕಂಡವರು ಈ ಆರಂಭವನ್ನು ಮರೆಯಬಾರದು.

ಗಿರಾಕಿಗಾಗಿ ಹುಟ್ಟಿದ ಪದ್ಧತಿಗಳು

ಮಾಸ್ಟರ್ಸ್ ಎಂದೊಡನೆ ಕಣ್ಣಿಗೆ ಕಟ್ಟುವುದು ವಿಜೇತನಿಗೆ ತೊಡಿಸುವ ಹಸಿರು ಕೋಟು. ಅದು ಹುಟ್ಟಿದ್ದು ಗೌರವದ ಉಡುಪಾಗಿ ಅಲ್ಲ. ಪಂದ್ಯ ನೋಡಲು ಬಂದವರು ದಾರಿ ಕೇಳಲು, ಸಂದೇಹ ಪರಿಹರಿಸಿಕೊಳ್ಳಲು ಯಾರನ್ನು ವಿಚಾರಿಸಬೇಕೆಂಬುದು ದೂರದಿಂದಲೇ ತಿಳಿಯಲಿ ಎಂಬ ಉದ್ದೇಶದಿಂದ 1937ರಲ್ಲಿ ಕ್ಲಬ್ಬಿನ ಸದಸ್ಯರು ಅದನ್ನು ತೊಡಲಾರಂಭಿಸಿದರು. ಅಂಗಡಿಯ ಮಾಲೀಕನೇ ಸಹಾಯಕನ ಸಮವಸ್ತ್ರ ತೊಟ್ಟು ನಿಂತಂತಹ ವ್ಯವಸ್ಥೆ ಅದು. ವಿಜೇತನಿಗೂ ಆ ಕೋಟನ್ನು ತೊಡಿಸುವ ಪರಿಪಾಠ ಬಂದುದು 1949ರಲ್ಲಿ, ಸ್ಯಾಮ್ ಸ್ನೀಡ್ ಗೆದ್ದಾಗ. ವಿಜೇತನು ಅದನ್ನು ಒಂದು ವರ್ಷ ಮನೆಯಲ್ಲಿಟ್ಟುಕೊಂಡು ಬಳಿಕ ಕ್ಲಬ್ಬಿಗೆ ಮರಳಿಸಬೇಕು. ಹೀಗೆ ಸೇವೆಯ ಗುರುತಾಗಿದ್ದ ಬಟ್ಟೆಯೊಂದು ಗಾಲ್ಫ್ ಲೋಕದ ಅತ್ಯಂತ ಬೆಲೆಯುಳ್ಳ ಉಡುಪಾಯಿತು.

ಪ್ರೇಕ್ಷಕರನ್ನು ಅಲ್ಲಿ ಪ್ರೇಕ್ಷಕರೆಂದು ಕರೆಯುವುದಿಲ್ಲ. ಪೋಷಕರು ಎಂಬ ಅರ್ಥ ಬರುವ ‘ಪೇಟ್ರನ್’ ಎಂಬ ಪದವೇ ಬಳಕೆಯಲ್ಲಿದೆ. 1966ರ ನೇರಪ್ರಸಾರದಲ್ಲಿ ವೀಕ್ಷಕ ವಿವರಣೆಗಾರರೊಬ್ಬರು ಜನಸಮೂಹವನ್ನು ಒರಟು ಗುಂಪು ಎಂಬರ್ಥದ ಪದದಿಂದ ಬಣ್ಣಿಸಿದ್ದಕ್ಕಾಗಿ ಅವರನ್ನು ಕೆಲವು ವರ್ಷ ಆ ಪ್ರಸಾರದಿಂದಲೇ ದೂರವಿಡಲಾಯಿತು. ಶಿಕ್ಷೆ ಅತಿಯಾಯಿತೆನ್ನಬಹುದು, ಗಿರಾಕಿಯ ಬಗ್ಗೆ ಸಿಬ್ಬಂದಿ ಆಡುವ ಮಾತಿಗೂ ಬೆಲೆಯಿದೆ ಎಂಬ ಎಚ್ಚರವಂತೂ ಅದರಲ್ಲಿತ್ತು. ಬೆಳಿಗ್ಗೆ ಬಂದವರು ತಮ್ಮ ಮಡಚುವ ಕುರ್ಚಿಯನ್ನು ಬೇಕಾದ ಕುಳಿಯ ಬಳಿ ಇರಿಸಿ ಹೋದರೆ ಅದು ಅಲ್ಲಿಯೇ ಇರುತ್ತದೆ. ಖಾಲಿಯಿರುವಾಗ ಬೇರೆಯವರು ಕುಳಿತರೂ ಒಡೆಯ ಬಂದೊಡನೆ ಎದ್ದು ಕೊಡುತ್ತಾರೆ. ಓಡುವಂತಿಲ್ಲ, ಮೊಬೈಲ್ ಫೋನ್ ತರುವಂತಿಲ್ಲ. ಆದರೆ ಫೋನನ್ನು ನಿಷೇಧಿಸಿದ ಕ್ಲಬ್ಬು ಮೈದಾನದಲ್ಲಿ ಉಚಿತ ದೂರವಾಣಿಗಳನ್ನು ಇರಿಸಿದೆ. ನಿರ್ಬಂಧ ಹೇರಿದವರೇ ಪರ್ಯಾಯವನ್ನೂ ಒದಗಿಸಬೇಕೆಂಬ ನೀತಿ ಇಲ್ಲಿ ಗಮನಾರ್ಹ.

ದೂರದರ್ಶನದ ವಿಷಯದಲ್ಲಿಯೂ ಇದೇ ಸಂಯಮವಿದೆ. ಸಿಬಿಎಸ್ ಸಂಸ್ಥೆ 1956ರಿಂದ ಈ ಪಂದ್ಯಾವಳಿಯನ್ನು ಪ್ರಸಾರ ಮಾಡುತ್ತ ಬಂದಿದೆ. ಒಪ್ಪಂದ ಮಾತ್ರ ವರ್ಷದಿಂದ ವರ್ಷಕ್ಕೆ. ಜಾಹೀರಾತುಗಳನ್ನು ದಶಕಗಳಿಂದ ತಾಸಿಗೆ ಸುಮಾರು ನಾಲ್ಕು ನಿಮಿಷಗಳಿಗೆ ಮಿತಗೊಳಿಸಲಾಗಿದೆ. ಮೈದಾನದಲ್ಲಿ ಪ್ರಾಯೋಜಕರ ಫಲಕಗಳಿಲ್ಲ. ಪ್ರಸಾರದ ಹಕ್ಕನ್ನು ಗರಿಷ್ಠ ಬೆಲೆಗೆ ಮಾರಿ ಕೈತೊಳೆದುಕೊಳ್ಳುವ ಬದಲು, ಹಣ ಕಡಿಮೆ ಬಂದರೂ ಸರಕು ಹೇಗೆ ತೋರಬೇಕೆಂಬ ಹಕ್ಕನ್ನು ಕ್ಲಬ್ಬು ತನ್ನ ಕೈಯಲ್ಲಿಯೇ ಇರಿಸಿಕೊಂಡಿದೆ.

ಇನ್ನು ಸ್ಯಾಂಡ್‌ವಿಚ್ಚಿನ ಮಾತು. ಚೀಸ್, ಮೆಯೊನೇಸ್ ಮತ್ತು ಕೆಂಪು ಸಿಹಿ ಮೆಣಸಿನಕಾಯಿಯನ್ನು ಕಲಸಿ ಬ್ರೆಡ್ಡಿನ ನಡುವೆ ಹಚ್ಚಿದ ಸಾದಾ ತಿನಿಸು ಅದು. ಅದರ ಹಿಂದೆ ಸಣ್ಣ ಉತ್ಪಾದಕರು ಅರಿಯಬೇಕಾದ ಒಂದು ಪ್ರಸಂಗವಿದೆ. ದಶಕಗಳ ಕಾಲ ಅದನ್ನು ತಯಾರಿಸಿ ಕೊಡುತ್ತಿದ್ದ ಹೊರಗಿನ ಪೂರೈಕೆದಾರರೊಬ್ಬರನ್ನು 1990ರ ದಶಕದ ಕೊನೆಯಲ್ಲಿ ಬದಲಿಸಿದಾಗ ಅವರು ತಮ್ಮ ಪಾಕವನ್ನು ಬಿಟ್ಟುಕೊಡಲಿಲ್ಲ. ಹೊಸಬರು ಪ್ರಯಾಸಪಟ್ಟು ಆ ರುಚಿಯನ್ನು ತಂದರು. 2013ರಲ್ಲಿ ತಯಾರಿಕೆ ಮತ್ತೆ ಕೈಬದಲಾಯಿತು. ರುಚಿ ಬದಲಾಗಿದೆಯೆಂಬ ಹಳೆಯ ಗಿರಾಕಿಗಳ ಗೊಣಗಾಟ ಪತ್ರಿಕೆಗಳಲ್ಲಿ ಸುದ್ದಿಯಾಯಿತು. ಬೆಲೆಯನ್ನು ಒಡೆಯ ನಿರ್ಧರಿಸಬಹುದು, ರುಚಿಯನ್ನು ಕಾಯುವುದು ಪೂರೈಕೆದಾರನ ಕೈ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ನೆನಪಿನ ಗುರುತುಗಳು

ಹೆಸರು ಗಳಿಸಿಕೊಟ್ಟವರನ್ನು ಸ್ಮರಿಸುವುದರಲ್ಲಿ ಆಗಸ್ಟಾ ಜಿಪುಣತನ ತೋರಿಲ್ಲ. 1935ರಲ್ಲಿ ಜೀನ್ ಸಾರಜೆನ್ 15ನೆಯ ಕುಳಿಗೆ ಸುಮಾರು 235 ಗಜ ದೂರದಿಂದ ಎರಡನೆಯ ಹೊಡೆತದಲ್ಲಿಯೇ ಚೆಂಡನ್ನು ಸೇರಿಸಿ, ಎಳೆಯ ಪಂದ್ಯಾವಳಿಗೆ ದೇಶವ್ಯಾಪಿ ಪ್ರಚಾರ ತಂದುಕೊಟ್ಟರು. 20 ವರ್ಷಗಳ ಬಳಿಕ, 1955ರಲ್ಲಿ, ಅಲ್ಲಿನ ಕಿರುಸೇತುವೆಗೆ ಅವರ ಹೆಸರನ್ನಿಡಲಾಯಿತು. 1958ರಲ್ಲಿ ರೇಸ್ ಕ್ರೀಕ್ ಎಂಬ ತೊರೆಯ ಮೇಲಿನ ಎರಡು ಸೇತುವೆಗಳು ಬೆನ್ ಹೋಗನ್ ಮತ್ತು ಬೈರನ್ ನೆಲ್ಸನ್ ಅವರ ಹೆಸರು ಪಡೆದವು. ಅದೇ ವರ್ಷ ಹರ್ಬರ್ಟ್ ವಾರೆನ್ ವಿಂಡ್ ಎಂಬ ಪತ್ರಕರ್ತರು 11ರಿಂದ 13ನೆಯ ಕುಳಿಗಳ ಕಠಿಣ ತಿರುವಿಗೆ ‘ಏಮೆನ್ ಕಾರ್ನರ್’ ಎಂದು ಹೆಸರಿಟ್ಟರು. ಹಿಂದಿನ ವರ್ಷದ ವಿಜೇತನು ಹಳೆಯ ವಿಜೇತರೆಲ್ಲರಿಗೂ ತನ್ನ ಖರ್ಚಿನಲ್ಲಿ ಊಟ ಹಾಕಿಸುವ ಪದ್ಧತಿಯನ್ನು 1952ರಲ್ಲಿ ಹೋಗನ್ ಅವರೇ ಆರಂಭಿಸಿದರು.

17ನೆಯ ಕುಳಿಯ ಹಾದಿಯಲ್ಲಿದ್ದ ಪೈನ್ ಮರದ ಕಥೆಯೂ ಸ್ವಾರಸ್ಯಕರ. ಕ್ಲಬ್ಬಿನ ಸದಸ್ಯರೂ ಅಂದಿನ ಅಮೆರಿಕದ ಅಧ್ಯಕ್ಷರೂ ಆಗಿದ್ದ ಐಸೆನ್‌ಹೋವರ್ ಅವರ ಚೆಂಡು ಆ ಮರಕ್ಕೆ ಪದೇ ಪದೇ ತಗಲುತ್ತಿತ್ತು. 1956ರ ಸಭೆಯಲ್ಲಿ ಅದನ್ನು ಕಡಿಸಬೇಕೆಂದು ಅವರು ಸೂಚಿಸಿದಾಗ ರಾಬರ್ಟ್ಸ್ ಸಭೆಯನ್ನೇ ಮುಂದೂಡಿದರು. ಪ್ರಭಾವಿ ಗಿರಾಕಿಯೊಬ್ಬನಿಗಾಗಿ ಎಲ್ಲರ ನಿಯಮವನ್ನು ಮುರಿಯದ ದಿಟ್ಟತನ ಅದು. ಕೊನೆಗೆ 2014ರ ಫೆಬ್ರವರಿಯ ಹಿಮಗಾಳಿ ಆ ಮರವನ್ನು ತೆಗೆದುಹಾಕಿತು. ಏಪ್ರಿಲ್‌ನಲ್ಲಿ ಅದಿಲ್ಲದೆಯೇ ಪಂದ್ಯಾವಳಿ ನಡೆಯಿತು.

ಒಡೆಯರಿಗಾಗಿ ಉಳಿದ ಪದ್ಧತಿಗಳು

ಮೈದಾನವನ್ನು ಬದಲಿಸಲು ಕ್ಲಬ್ಬು ಎಂದೂ ಹಿಂಜರಿದಿಲ್ಲ. 2023ರಲ್ಲಿಯೂ 13ನೆಯ ಕುಳಿಯ ದೂರವನ್ನು 35 ಗಜ ಹೆಚ್ಚಿಸಿತು. ಬಾಗಿಲನ್ನು ತೆರೆಯುವುದರಲ್ಲಿ ಮಾತ್ರ ಅದು ತೋರಿದ ನಿಧಾನ ಕ್ಷಮ್ಯವಲ್ಲ. ಕಪ್ಪು ವರ್ಣದ ಆಟಗಾರರೊಬ್ಬರು ಮೊದಲ ಬಾರಿಗೆ ಅಲ್ಲಿ ಆಡಿದ್ದು 1975ರಲ್ಲಿ. ಅವರು ಲೀ ಎಲ್ಡರ್. 1982ರವರೆಗೂ ಆಟಗಾರರು ಕ್ಲಬ್ಬಿನ ಕ್ಯಾಡಿಗಳನ್ನೇ ಬಳಸಬೇಕಿತ್ತು. ಆ ಕ್ಯಾಡಿಗಳೆಲ್ಲರೂ ಕಪ್ಪು ವರ್ಣೀಯರು. ಹೊರೆ ಹೊರಲು ಸಲ್ಲುವವರು ಸದಸ್ಯತ್ವಕ್ಕೆ ಸಲ್ಲುತ್ತಿರಲಿಲ್ಲ. ಮೊದಲ ಕಪ್ಪು ವರ್ಣೀಯ ಸದಸ್ಯರು ಬಂದುದು 1990ರಲ್ಲಿ. ಅದಾಗಿ ಏಳೇ ವರ್ಷಕ್ಕೆ, 1997ರಲ್ಲಿ, ಟೈಗರ್ ವುಡ್ಸ್ 12 ಹೊಡೆತಗಳ ಅಂತರದಿಂದ ಗೆದ್ದು ಪಂದ್ಯಾವಳಿಗೆ ಹೊಸ ಪ್ರೇಕ್ಷಕ ವರ್ಗವನ್ನೇ ತಂದುಕೊಟ್ಟರು. ಬಾಗಿಲು ಮುಚ್ಚಿದ್ದ ವರ್ಷಗಳಲ್ಲಿ ಎಷ್ಟು ಪ್ರತಿಭೆ ಹೊರಗೆ ಉಳಿಯಿತೆಂಬುದಕ್ಕೆ ಲೆಕ್ಕವಿಲ್ಲ.

ಮಹಿಳೆಯರ ವಿಷಯದಲ್ಲಿ ಹಟ ಇನ್ನೂ ದೀರ್ಘವಾಯಿತು. ಸದಸ್ಯತ್ವದಲ್ಲಿ ಸ್ತ್ರೀಯರಿಗೆ ಸ್ಥಾನವೇಕಿಲ್ಲವೆಂಬ ಪ್ರಶ್ನೆ 2002ರಲ್ಲಿ ಬಹಿರಂಗ ವಿವಾದವಾದಾಗ, ಬಯೊನೆಟ್ಟಿನ ಮೊನೆಗೆ ಮಣಿಯುವುದಿಲ್ಲವೆಂದು ಕ್ಲಬ್ಬಿನ ಅಧ್ಯಕ್ಷರು ಉತ್ತರಿಸಿದರು. ಪ್ರಾಯೋಜಕರನ್ನು ಮುಜುಗರದಿಂದ ಪಾರು ಮಾಡಲು 2003 ಮತ್ತು 2004ರ ಪ್ರಸಾರವನ್ನು ಜಾಹೀರಾತುಗಳಿಲ್ಲದೆಯೇ ನಡೆಸಲಾಯಿತು. ಇಷ್ಟೆಲ್ಲ ನಷ್ಟ ತಾಳಿಕೊಂಡು ಉಳಿಸಿಕೊಂಡ ಆ ನಿಯಮ 2012ರ ಆಗಸ್ಟ್‌ನಲ್ಲಿ ಕೊನೆಗೊಂಡು, ಕಾಂಡಲೀಜಾ ರೈಸ್ ಮತ್ತು ಡಾರ್ಲಾ ಮೂರ್ ಸದಸ್ಯರಾದರು. ಸಂಪ್ರದಾಯ ಕುಸಿಯಲಿಲ್ಲ. 2019ರಿಂದ ಅದೇ ಕ್ಲಬ್ಬು ಮಹಿಳಾ ಹವ್ಯಾಸಿಗಳ ಪಂದ್ಯಾವಳಿಯನ್ನೂ ನಡೆಸುತ್ತಿದೆ. ಲೀ ಎಲ್ಡರ್ ಅವರನ್ನು 2021ರಲ್ಲಿ ಗೌರವ ಆರಂಭಕರಾಗಿ ಕರೆದಾಗ ಅನಾರೋಗ್ಯದಿಂದ ಅವರಿಗೆ ಚೆಂಡು ಹೊಡೆಯಲು ಸಾಧ್ಯವಾಗಲಿಲ್ಲ. ಅದೇ ವರ್ಷದ ನವೆಂಬರಿನಲ್ಲಿ ಅವರು ನಿಧನರಾದರು. ತಡವಾಗಿ ಸಲ್ಲಿಸಿದ ಗೌರವ ಬಾಕಿಯನ್ನು ಪೂರ್ತಿ ತೀರಿಸುವುದಿಲ್ಲ.

ಸಿರಿವಂತರ ಸಂಯಮವೇ?

ಕೈತುಂಬ ಹಣವಿದ್ದವರಿಗೆ ಅಗ್ಗದ ಸ್ಯಾಂಡ್‌ವಿಚ್ ಮಾರುವುದು ಕಷ್ಟವಲ್ಲ ಎಂಬ ಆಕ್ಷೇಪ ಸಹಜ. ಸ್ಮರಣಿಕೆಗಳ ಮಾರಾಟದಿಂದ ಕ್ಲಬ್ಬು ಭರ್ಜರಿಯಾಗಿ ಗಳಿಸುತ್ತದೆ. 2013ರಿಂದ ಮೈದಾನದಲ್ಲಿಯೇ ಸಾವಿರಾರು ಡಾಲರಿನ ವಿಶೇಷ ಆತಿಥ್ಯದ ತಾಣವೂ ಇದೆ. ಇದು ಧರ್ಮಛತ್ರವಲ್ಲ ಎಂಬುದು ನಿಜ. ಆದರೆ ಲಾಭ ಎಲ್ಲಿಂದ ಪಡೆಯಲಾಗುತ್ತಿದೆ ಎಂಬುದನ್ನು ನೋಡಬೇಕು. ಸ್ಮರಣಿಕೆಯನ್ನು ಬೇಡವೆನ್ನುವ ಸ್ವಾತಂತ್ರ್ಯ ಗಿರಾಕಿಗಿದೆ. ಹಸಿವನ್ನು ಬೇಡವೆನ್ನುವ ಸ್ವಾತಂತ್ರ್ಯವಿಲ್ಲ. ಆಯ್ಕೆಯಿದ್ದಲ್ಲಿ ಲಾಭ ಮಾಡು, ಆಯ್ಕೆಯಿಲ್ಲದಲ್ಲಿ ಹಿಂಡಬೇಡ ಎಂಬುದು ಇದರ ತಾತ್ಪರ್ಯ. 2025ರಲ್ಲಿ ಪಂದ್ಯದ ದಿನದ ಟಿಕೆಟಿನ ಬೆಲೆ 140 ಡಾಲರ್. ಕಾಳಸಂತೆಯಲ್ಲಿ ಅದಕ್ಕೆ ಸಾವಿರಾರು ಡಾಲರ್ ಬರುವುದೆಂದು ತಿಳಿದೂ ಕ್ಲಬ್ಬು ಲಾಟರಿಯ ಮೂಲಕವೇ ಹಂಚುತ್ತದೆ.

ಈ ನೀತಿಗೆ ಕನ್ನಡದ ವರ್ತಕರ ಬಳಿ ಹಳೆಯದೊಂದು ಹೆಸರಿದೆ: ಕೊಸರು. ಸರಿಯಾಗಿ ತೂಗಿದ ಮೇಲೆ ಹಿಡಿಯಷ್ಟು ಹೆಚ್ಚಿಗೆ ಹಾಕುವ ಪದ್ಧತಿ ದಾನವಲ್ಲ. ಗಿರಾಕಿ ಮರಳಿ ಬರಲೆಂದು ಹೂಡಿದ ಬಂಡವಾಳ. ಅದಕ್ಕೆ ಸಿರಿತನ ಬೇಕಿಲ್ಲ. ಹಸಿರು ಕೋಟು ಹುಟ್ಟಿದ್ದೂ ಕ್ಲಬ್ಬಿನ ಬಡತನದ ದಿನಗಳಲ್ಲಿಯೇ.

ಪ್ರತಿಯೊಬ್ಬ ವರ್ತಕನೂ ತನ್ನ ಅಂಗಡಿಯ, ಕಾರ್ಖಾನೆಯ ಪದ್ಧತಿಗಳನ್ನು ಒಮ್ಮೆ ಪಟ್ಟಿ ಮಾಡಿ, ಪ್ರತಿಯೊಂದರ ಮುಂದೆ ‘ಇದು ಯಾರಿಗಾಗಿ?’ ಎಂದು ಬರೆದು ನೋಡುವುದು ಉಚಿತ. ಕೊಸರು ಗಿರಾಕಿಗಾಗಿ; ‘ಮಾರಿದ ಸರಕನ್ನು ಹಿಂದಕ್ಕೆ ಪಡೆಯುವುದಿಲ್ಲ’ ಎಂಬ ಫಲಕ ಯಾರಿಗಾಗಿ? ಅತಿ ಸಣ್ಣ ಮತ್ತು ಸಣ್ಣ ಉದ್ದಿಮೆಗಳ ಬಿಲ್ಲಿಗೆ 45 ದಿನಗಳ ಮಿತಿಯನ್ನು 2006ರ ಕಾಯಿದೆ ವಿಧಿಸಿದ್ದರೂ, ಪೂರೈಕೆದಾರನ ಹಣವನ್ನು ಆರು ತಿಂಗಳು ತಡೆಹಿಡಿಯುವ ರೂಢಿ ಯಾರಿಗಾಗಿ? ಮೆಕೆಂಜಿ ಅವರ ಮೈದಾನವನ್ನು ಇಂದು ಜಗತ್ತೇ ಹೊಗಳುತ್ತದೆ. ಅವರ ಬಾಕಿಯೂ ಚರಿತ್ರೆಯಲ್ಲಿ ದಾಖಲಾಗಿ ಉಳಿದಿದೆ. ಗಲ್ಲಾಪೆಟ್ಟಿಗೆಯ ಮುಂದೆ ಮಗ ಮಾತ್ರ ಕೂರಬೇಕು, ಲೆಕ್ಕ ಬಲ್ಲ ಮಗಳು ಕೂರಬಾರದು ಎಂಬ ಮನೆತನದ ನಿಯಮ ಯಾರಿಗಾಗಿ?

ಗಿರಾಕಿಗಾಗಿ, ದುಡಿಯುವವರಿಗಾಗಿ ಇರುವ ಪದ್ಧತಿಯನ್ನು ನಷ್ಟವಾದರೂ ಉಳಿಸಿಕೊಳ್ಳಬೇಕು. ಒಡೆಯನ ಪ್ರತಿಷ್ಠೆಗಾಗಿ ಮಾತ್ರ ಉಳಿದಿರುವುದನ್ನು ಯಾರೂ ಬಾಗಿಲು ಬಡಿಯುವ ಮೊದಲೇ ಕೈಬಿಡಬೇಕು. ಆಗಸ್ಟಾ ಮೊದಲನೆಯದನ್ನು ಚೆನ್ನಾಗಿ ಬಲ್ಲದು. ಎರಡನೆಯದನ್ನು ಕಲಿಯಲು ಅದು ತೆಗೆದುಕೊಂಡ ದಶಕಗಳಷ್ಟು ಕಾಲಾವಕಾಶವನ್ನು ಇಂದಿನ ಮಾರುಕಟ್ಟೆ ಸಣ್ಣ ವರ್ತಕನಿಗೆ ಕೊಡಲಾರದು.