ನೆಟ್ಟ ಮರ ಯಾರದು?

ಕೃಷಿ ಜಮೀನಿನಲ್ಲಿ ಬೆಳೆಸಿದ ಮರಗಳನ್ನು ಕಡಿಯುವ ಕ್ರಮವನ್ನು ಸರಳಗೊಳಿಸಲು ಕೇಂದ್ರದ ಪರಿಸರ ಸಚಿವಾಲಯವು 2025ರ ಜೂನ್ ತಿಂಗಳಲ್ಲಿ ಮಾದರಿ ನಿಯಮಗಳನ್ನು ರೂಪಿಸಿ ರಾಜ್ಯಗಳಿಗೆ ಕಳುಹಿಸಿತು. ಮರ ನೆಟ್ಟವನು ಜಮೀನಿನ ದಾಖಲೆಯೊಂದಿಗೆ ಅವುಗಳನ್ನು ನೋಂದಾಯಿಸಿಟ್ಟರೆ ಕಡಿಯುವ ಕಾಲಕ್ಕೆ ಕಚೇರಿಗಳಿಗೆ ಅಲೆಯಬೇಕಾಗದು ಎಂಬುದು ಅದರ ಸಾರಾಂಶ. ಕೃಷಿಯೊಡನೆ ಮರ ಬೆಳೆಸುವ ರಾಷ್ಟ್ರೀಯ ನೀತಿ ಬಂದದ್ದು 2014ರಲ್ಲಿ. ಹನ್ನೊಂದು ವರ್ಷಗಳ ಮೇಲೆ ಕಡಿಯುವ ನಿಯಮ ನೆನಪಾಯಿತು. ತಡವಾದರೂ ಒಳ್ಳೆಯದೇ. ಆದರೆ ನಮ್ಮ ಕಾಸರಗೋಡಿನ ಕೃಷಿಕನಿಗೆ ಇದರಿಂದ ಎಷ್ಟು ಪ್ರಯೋಜನ ಎಂಬುದು ವಿಚಾರ ಮಾಡತಕ್ಕ ವಿಷಯ.

ಮರ ಬೆಳೆಸುವುದನ್ನು ನಮ್ಮವರಿಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಕೆಳಗೆ ಅಡಿಕೆ ತೋಟ, ಅಡಿಕೆಗೆ ಹಬ್ಬಿದ ಕರಿಮೆಣಸು, ಬದಿಯಲ್ಲಿ ಹಲಸು, ಮಾವು, ಹೆಬ್ಬಲಸು, ಮೇಲಿನ ಗುಡ್ಡೆಯಲ್ಲಿ ಸೊಪ್ಪಿಗೂ ಕಟ್ಟಿಗೆಗೂ ಒದಗುವ ಮತ್ತಿ, ಮರುವ, ಬೇಂಗ. ಹಿಂದಿನ ದಕ್ಷಿಣ ಕನ್ನಡದ ಪದ್ಧತಿಯೇ ಇದು. ವರ್ಗ ಜಮೀನಿಗೆ ತಾಗಿದ ಕುಮ್ಕಿಯ ಸೊಪ್ಪು ಹಟ್ಟಿಗೆ ಬಿದ್ದು ಗೊಬ್ಬರವಾಗಿ ತೋಟಕ್ಕೆ ಇಳಿಯುತ್ತಿತ್ತು. ಗುಡ್ಡೆಯಲ್ಲಿ ಮಳೆನೀರು ಇಂಗಿದರೆ ತಾನೆ ಕೆಳಗಿನ ಸುರಂಗದಲ್ಲಿ ಬೇಸಿಗೆಗೆ ನೀರು! ಈಗ ಅಂಥ ಎಷ್ಟೋ ಗುಡ್ಡೆಗಳಲ್ಲಿ ರಬ್ಬರು, ಇಲ್ಲವೆ ಅಕೇಶಿಯಾ. ಅಕೇಶಿಯಾದ ದಪ್ಪ ಎಲೆ ಬೇಗ ಕೊಳೆಯದು, ಹಟ್ಟಿಗೂ ಆಗದು.

ಇದಕ್ಕೆ ಕೃಷಿಕನ ದುರಾಸೆಯೇ ಕಾರಣವೆಂದು ವನಮಹೋತ್ಸವದ ಭಾಷಣಗಳಲ್ಲಿ ಹೇಳುವುದುಂಟು. ಲೆಕ್ಕ ಹಾಕಿದರೆ ಬೇರೆಯೇ ಕಾಣುತ್ತದೆ. ರಬ್ಬರು ಸುಮಾರು ಏಳನೆಯ ವರ್ಷದಿಂದ ಹಾಲು ಕೊಡುತ್ತದೆ. ಹಾಲು ನಿಂತ ಮೇಲೆ ವ್ಯಾಪಾರಿಯೇ ಬಂದು ಮರ ಕಡಿದು, ಲಾರಿಗೆ ತುಂಬಿ, ಹಣ ಎಣಿಸಿ ಹೋಗುತ್ತಾನೆ. ಸಾಗುವಾನಿಗೆ ಮೂವತ್ತು ವರ್ಷವಾದರೂ ಕಾಯಬೇಕು. ಬೀಟಿಗೆ ಒಂದು ತಲೆಮಾರು ಸಾಲದು. ಕಾಯಲು ಸಿದ್ಧನಿರುವವನಿಗೂ ಕೊನೆಗೆ ಮರ ತನ್ನ ಕೈಗೆ ಸಿಕ್ಕೀತೆಂಬ ಭರವಸೆ ಇಲ್ಲ.

ಅರಣ್ಯೇತರ ಪ್ರದೇಶಗಳಲ್ಲಿ ಮರ ಬೆಳೆಸಲು ಉತ್ತೇಜನ ನೀಡುವ ಕೇರಳದ 2005ರ ಕಾಯ್ದೆಯು, ಅಧಿಸೂಚಿತ ಪ್ರದೇಶಗಳ ಹೊರಗೆ, ಶ್ರೀಗಂಧವನ್ನುಳಿದ ಮರಗಳನ್ನು ಕಡಿಯುವ ಹಕ್ಕನ್ನು ಜಮೀನಿನ ಒಡೆಯನಿಗೆ ಕೊಟ್ಟಿತು. ಹಳೆಯ ವರ್ಗದಾರರಿಗೆ ಇದೊಂದು ಆಸರೆ. ಆದರೆ ಸರಕಾರವು ಭೂಮಿ ಮಂಜೂರು ಮಾಡುವಾಗ ತನಗೆಂದು ಉಳಿಸಿಕೊಂಡ ಮರಗಳಿಗೆ ಈ ಹಕ್ಕು ಅನ್ವಯಿಸದು. 1964ರ ಭೂಮಿ ಮಂಜೂರಾತಿ ನಿಯಮಗಳನ್ವಯ ಪಟ್ಟಾ ಪಡೆದ ಜಮೀನಿನಲ್ಲಿ ಸಾಗುವಾನಿ, ಬೀಟಿ, ಕರಿಮರ, ಶ್ರೀಗಂಧ ಇವು ಸರಕಾರದ ಸೊತ್ತು. ಹಾಗಾದರೆ ಪಟ್ಟಾ ಸಿಕ್ಕಿದ ಮೇಲೆ ಕೃಷಿಕನೇ ನೆಟ್ಟು ನೀರೆರೆದ ಸಾಗುವಾನಿಯ ಗತಿಯೇನು? ಗೊಂದಲವೆಲ್ಲ ಇಲ್ಲಿದೆ.

ಈ ಗೊಂದಲವನ್ನು ಬಿಡಿಸಲು ಹೋಗಿ ಸರಕಾರವೇ ಸಿಕ್ಕು ಮಾಡಿಕೊಂಡದ್ದೂ ಆಯಿತು. ಇಂಥ ಜಮೀನಿನಲ್ಲಿ ಕೃಷಿಕರು ನೆಟ್ಟ ಮತ್ತು ತಾನಾಗಿ ಬೆಳೆದ ಮರಗಳನ್ನು, ಶ್ರೀಗಂಧದ ಹೊರತು, ಕಡಿಯಬಹುದೆಂದು ಕಂದಾಯ ಇಲಾಖೆ 2020ರ ಅಕ್ಟೋಬರ್ 24ರಂದು ಆದೇಶ ಹೊರಡಿಸಿತು. ಆ ಆದೇಶದ ಮರೆಯಲ್ಲಿ ವಯನಾಡಿನ ಮುಟ್ಟಿಲ್‌ನಲ್ಲಿ ನೂರಕ್ಕೂ ಹೆಚ್ಚು ಬೀಟಿ ಮರಗಳು ಉರುಳಿದವು. 2021ರ ಫೆಬ್ರವರಿಯಲ್ಲಿ ಆದೇಶವನ್ನೇ ಹಿಂದೆಗೆದುಕೊಳ್ಳಲಾಯಿತು. ವ್ಯಾಪಾರಿಗಳ ಮೇಲೆ ಕೇಸಾದದ್ದು ಸರಿ. ಅವರ ಮಾತು ನಂಬಿ ಮರ ಬಿಟ್ಟುಕೊಟ್ಟ ಆದಿವಾಸಿಗಳೂ ಸಣ್ಣ ಕೃಷಿಕರೂ ಕೇಸಿನಲ್ಲಿ ಸಿಕ್ಕಿಕೊಂಡರು. ಶತಮಾನ ಕಂಡ ಬೀಟಿಯನ್ನೂ ಮೊನ್ನೆ ಮೊನ್ನೆ ನೆಟ್ಟ ಸಾಗುವಾನಿಯನ್ನೂ ಒಂದೇ ತಕ್ಕಡಿಗೆ ಹಾಕಿದ್ದು ಅನರ್ಥಕ್ಕೆ ದಾರಿಯಾಯಿತು. ಆದೇಶ ಹೋದಾಗ ಎರಡಕ್ಕೂ ಒಟ್ಟಿಗೇ ಬಾಗಿಲು ಮುಚ್ಚಿತು. ಹೀಗಿರುವಾಗ ಗುಡ್ಡೆಯಲ್ಲಿ ತಾನಾಗಿ ಹುಟ್ಟಿದ ಬೀಟಿಯ ಸಸಿಯನ್ನು ಎರಡೆಲೆಯಲ್ಲೇ ಕಿತ್ತೆಸೆಯುವವನನ್ನು ಯಾವ ಬಾಯಿಯಿಂದ ಬೈಯೋಣ?

ಕನ್ನಡಿಗರಾದ ನಮಗೆ ಇನ್ನೊಂದು ತೊಡಕು. ಪಟ್ಟಾದ ಶರತ್ತುಗಳು ಮಲಯಾಳದಲ್ಲಿವೆ. ಕನ್ನಡ ಮಾಧ್ಯಮದಲ್ಲಿ ಕಲಿತ ನಮ್ಮ ಅನೇಕ ಹಿರಿಯರು ಅವನ್ನು ಓದಲಾರರು. ಮನೆಯ ಜಮೀನು ವರ್ಗವೋ ಪಟ್ಟಾವೋ ಕೇಳಿಕೊಂಡು ಬನ್ನಿರೆಂದು ಹತ್ತನೆಯ ತರಗತಿಯ ಮಕ್ಕಳಿಗೆ ಹೇಳಿದ್ದೆ. ಹೆಚ್ಚಿನವರು ತಂದ ಉತ್ತರ, 'ಅಪ್ಪನಿಗೆ ಸರಿಯಾಗಿ ಗೊತ್ತಿಲ್ಲವಂತೆ ಸಾರ್' ಎಂದು. ಪರಿಸರ ದಿನದಂದು ಇದೇ ಮಕ್ಕಳ ಕೈಗೆ ನಾವು ಸಸಿ ಕೊಟ್ಟು ಕಳುಹಿಸುತ್ತೇವೆ.

ಕೇಂದ್ರದ ಮಾದರಿ ನಿಯಮಗಳೂ ಜಮೀನಿನ ಒಡೆತನದ ದಾಖಲೆಯಿಂದಲೇ ಆರಂಭವಾಗುತ್ತವೆ. ಆದ್ದರಿಂದ ಪಟ್ಟಾ ಜಮೀನಿನ ಮರದ ಪ್ರಶ್ನೆಯನ್ನು ರಾಜ್ಯವೇ ಇತ್ಯರ್ಥ ಮಾಡಬೇಕು. ಪಟ್ಟಾ ಕೊಡುವಾಗ ಇದ್ದ ಮರ ಸರಕಾರದ್ದು, ಆಮೇಲೆ ನೆಟ್ಟದ್ದು ನೆಟ್ಟವನದು ಎಂದು ಸ್ಪಷ್ಟವಾಗಿ ಬರೆದು, ನೆಟ್ಟ ವರ್ಷದಲ್ಲೇ ನೋಂದಣಿ ಮಾಡಿಸಿಕೊಂಡರೆ ಮುಟ್ಟಿಲ್‌ನಂಥದ್ದಕ್ಕೂ ಎಡೆಯಿರದು. ಮಂಜೇಶ್ವರ, ಕಾಸರಗೋಡು ತಾಲೂಕುಗಳ ವಿಲ್ಲೇಜು ಆಫೀಸುಗಳಲ್ಲಿ ಈ ನಿಯಮಗಳ ಕನ್ನಡ ಪ್ರತಿ ಸಿಗುವಂತೆ ನಮ್ಮ ಪಂಚಾಯತು ಸದಸ್ಯರೂ ಶಾಸಕರೂ ಒತ್ತಾಯಿಸಬೇಕು. ಅಲ್ಲಿಯವರೆಗೆ ಪಟ್ಟಾ ಜಮೀನಿನವರು ಆ ನಾಲ್ಕು ಮರಗಳ ತಂಟೆಗೆ ಹೋಗದೆ ಹಲಸು, ಹೆಬ್ಬಲಸುಗಳನ್ನು ನೆಡುವುದು ಕ್ಷೇಮ. ಈಗಾಗಲೇ ಸಾಗುವಾನಿ ನೆಟ್ಟಿರುವವರು ಸಸಿ ಕೊಂಡ ರಸೀದಿಯನ್ನು ತೀರ್ವೆ ರಸೀದಿಯ ಜೊತೆಗೇ ಜೋಪಾನವಾಗಿ ಇಟ್ಟುಕೊಳ್ಳಲಿ.